ಓಪಿಡಿ ಬಿಟ್ಟು ಅಕ್ಯೂಟ್ ವಾರ್ಡಿಗೆ: ನನ್ನ ಅನುಭವ

ಓಪಿಡಿಯಲ್ಲಿ ವರ್ಷಗಟ್ಟಲೆ ದುಡಿದ ನರ್ಸ್‌ಗಳೆಂದರೆ "ಬಿಪಿ ನೋಡಿ, ಇಂಜೆಕ್ಷನ್ ಕೊಟ್ಟು ಕಳಿಸೋರು" ಎಂಬ ಅಸಡ್ಡೆ ನಮ್ಮ ವೃತ್ತಿಯವರಲ್ಲೇ ಇದೆ. ಅಕ್ಯೂಟ್ ಕೇರ್, ಅಂದರೆ ಸ್ಥಿತಿ ಗಂಭೀರವಾಗಿ ದಾಖಲಾದವರನ್ನು ನೋಡಿಕೊಳ್ಳುವ ವಾರ್ಡಿನ ಕೆಲಸಕ್ಕೆ ಅರ್ಜಿ ಹಾಕುವ ಮುಂಚೆ ನಾನು ಇದಕ್ಕೆ ಉತ್ತರ ಸಿದ್ಧಮಾಡಿಕೊಂಡೆ. ಬಯೋಡೇಟಾದಲ್ಲಿ "ರೋಗಿಗಳ ಆರೈಕೆ" ಎಂದು ಸಾರಿಸಿ ಬರೆಯಲಿಲ್ಲ. ಸಾಲಿನಲ್ಲಿ ಕುಳಿತವರ ನಡುವೆ ಎದೆನೋವಿನವರನ್ನು ಗುರುತಿಸಿ 10 ನಿಮಿಷದೊಳಗೆ ಇಸಿಜಿ ಮಾಡಿಸುವುದು, ಇಂಜೆಕ್ಷನ್ ಆದಮೇಲೆ ಅನಾಫಿಲಾಕ್ಸಿಸ್ (ಜೀವಕ್ಕೇ ಅಪಾಯ ತರುವ ತೀವ್ರ ಅಲರ್ಜಿ) ಆದರೆ ತೊಡೆಯ ಸ್ನಾಯುವಿಗೆ ಅಡ್ರಿನಲಿನ್ ಕೊಡಲು ತಯಾರಿರುವುದು, ಇವೆಲ್ಲ ಓಪಿಡಿಯ ಕೆಲಸವೇ ಅಲ್ಲವೇ? ಅದನ್ನೇ ಬರೆದೆ.

ಸಂದರ್ಶನದಲ್ಲಿ ಕೇಳಿದ್ದು: "ಒಂದೇ ಹೊತ್ತಿಗೆ ಮೂರು ಬೆಡ್‌ನವರು ಕರೆದರೆ ಏನು ಮಾಡ್ತೀರಿ?" ಉಸಿರಾಟದ ದಾರಿ, ಉಸಿರಾಟ, ರಕ್ತಸಂಚಾರ, ಈ ಕ್ರಮದಲ್ಲಿ ಯಾರ ಜೀವಕ್ಕೆ ಹೆಚ್ಚು ಅಪಾಯವೋ ಅವರ ಬಳಿ ಮೊದಲು ಹೋಗುತ್ತೇನೆ, ಉಳಿದವರ ಹತ್ತಿರ ಇನ್ನೊಬ್ಬರನ್ನು ಕಳಿಸುತ್ತೇನೆ ಎಂದೆ. ನಾನೂ ಒಂದೆರಡು ಪ್ರಶ್ನೆ ಕೇಳಿದೆ: ಒಬ್ಬ ನರ್ಸ್‌ಗೆ ಎಷ್ಟು ರೋಗಿಗಳು, ಹೊಸಬರನ್ನು ಹಳಬರ ಜೊತೆಗೆ ಎಷ್ಟು ಕಾಲ ಹಾಕುತ್ತೀರಿ? ಸಂಬಳಕ್ಕಿಂತ ಮೊದಲು ಕೇಳಬೇಕಾದ್ದು ಇದು. ಇದಕ್ಕೆ ಸರಿಯಾಗಿ ಉತ್ತರ ಕೊಡದ ಕಡೆ ಹೊಸದಾಗಿ ವಾರ್ಡಿಗೆ ಬರುವವರು ಹೋಗದಿರುವುದೇ ವಾಸಿ.

ಹೃದಯ ನಿಂತವರ ಜೀವ ಉಳಿಸುವುದನ್ನು ಕಲಿಸುವ ಬಿಎಲ್‌ಎಸ್ (ಮೂಲ ಹಂತ), ಎಸಿಎಲ್‌ಎಸ್ (ಮುಂದಿನ ಹಂತ) ತರಬೇತಿ ಮುಗಿಸಿಯೇ ಹೋಗಿದ್ದೆ. ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ ಎದೆ ಒತ್ತುವುದು ಓದಿ ಬರುವ ವಿದ್ಯೆಯಲ್ಲ, ಕೈ ಸೋಲಬೇಕು.

ನಿಜವಾಗಿ ಬದಲಾಗಬೇಕಾಗಿ ಬಂದದ್ದು ನನ್ನ ನೋಟ. ಓಪಿಡಿಯಲ್ಲಿ ಒಂದು ಸಲ ಬಿಪಿ, ನಾಡಿ ನೋಡುತ್ತೇವೆ, ರೋಗಿ ಮನೆಗೆ ಹೋಗುತ್ತಾರೆ. ಅದೊಂದು ಫೋಟೊ ಇದ್ದ ಹಾಗೆ. ವಾರ್ಡಿನಲ್ಲಿ ಅದೇ ಮನುಷ್ಯ ಗಂಟೆಗಂಟೆಗೂ ಬದಲಾಗುತ್ತಿರುತ್ತಾರೆ. ಶಸ್ತ್ರಚಿಕಿತ್ಸೆ ಆದ ಒಬ್ಬರ ಚಾರ್ಟ್ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಸಂಜೆ ಉಸಿರು 18, ನಾಡಿ 88, ಆಕ್ಸಿಜನ್ 97. ಮುಂದಿನ ಸಲ 20, 98, 96. ಆಮೇಲೆ 24, 112, 95. ಬಿಪಿ ಮಾತ್ರ ಉದ್ದಕ್ಕೂ 118ರ ಆಸುಪಾಸು, ಜ್ವರವಿಲ್ಲ, ಮಾತು ಸ್ಪಷ್ಟ. ನ್ಯೂಸ್-2 ಎಂದರೆ ಉಸಿರು, ನಾಡಿ, ಬಿಪಿ ಮೊದಲಾದವಕ್ಕೆ ಅಂಕ ಕೊಟ್ಟು ರೋಗಿ ಹದಗೆಡುತ್ತಿರುವುದನ್ನು ಮುಂಚೆಯೇ ಗುರುತಿಸುವ ಪದ್ಧತಿ, ಅಂಕ ಹೆಚ್ಚಾದಷ್ಟೂ ಅಪಾಯ ಹೆಚ್ಚು. ಅದರ ಲೆಕ್ಕದಲ್ಲಿ ಸೊನ್ನೆಯಿಂದ 1, ಅಲ್ಲಿಂದ 5. ಐದಾದರೆ ವೈದ್ಯರು ತುರ್ತಾಗಿ ಬಂದು ನೋಡಲೇಬೇಕು. ಇನ್‌ಚಾರ್ಜ್ ಸಿಸ್ಟರ್ ಮೊದಲೇ ಹೇಳಿದ್ದರು: "ಬಿಪಿ ಚೆನ್ನಾಗಿದೆ ಅಂತ ಸುಮ್ಮನಾಗಬೇಡಿ, ಉಸಿರು ಎಣಿಸಿ. ಅದೂ ಪೂರ್ತಿ ಒಂದು ನಿಮಿಷ." ದೇಹ ಸಾಧ್ಯವಾದಷ್ಟು ಹೊತ್ತು ಬಿಪಿಯನ್ನು ಹಿಡಿದಿಟ್ಟುಕೊಳ್ಳುತ್ತದೆ, ಅದಕ್ಕೂ ಮುಂಚೆ ಉಸಿರಾಟವೇ ಸುಳಿವು ಕೊಡುವುದು ಹೆಚ್ಚು. ಚಾರ್ಟಿನಲ್ಲಿ ಎಲ್ಲರಿಗೂ ಅಂದಾಜಿನ ಮೇಲೆ 18 ಎಂದು ಬರೆಯುವ ಕೆಟ್ಟ ಚಾಳಿ ನಮ್ಮಲ್ಲಿ ಎಷ್ಟು ವ್ಯಾಪಕ ಎಂದು ಹೇಳಬೇಕಿಲ್ಲ.

ರಾತ್ರಿ ವೈದ್ಯರಿಗೆ ಫೋನ್ ಮಾಡುವುದೂ ಒಂದು ಕಲೆ. "ಸರ್, ಪೇಷಂಟ್ ಯಾಕೋ ಸರಿಯಿಲ್ಲ" ಎಂದರೆ ಆ ಕಡೆಯಿಂದ "ಹೂಂ, ನೋಡ್ತಾ ಇರಿ" ಅಂತ ಬರುತ್ತದೆ. ಎಸ್‌ಬಿಎಆರ್ ಕ್ರಮ ಹಿಡಿದೆ: ಈಗ ಏನಾಗಿದೆ, ಹಿನ್ನೆಲೆ ಏನು, ನನಗೆ ಏನನ್ನಿಸುತ್ತದೆ, ನಿಮ್ಮಿಂದ ಏನಾಗಬೇಕು. ಕೊನೆಯದನ್ನು ಹೇಳಲು ಓಪಿಡಿಯಿಂದ ಬಂದವರು ಅಳುಕುತ್ತಾರೆ. ಅಳುಕಬಾರದು. "ಅಂಕ 5 ಆಗಿದೆ, ನೀವು ಈಗಲೇ ಬಂದು ನೋಡಬೇಕು" ಎಂದು ಬಾಯಿಬಿಟ್ಟು ಹೇಳಿದರೆ ಬರುತ್ತಾರೆ.

ರಾತ್ರಿ ಪಾಳಿಯ ಕಷ್ಟ ಎಲ್ಲರಿಗೂ ಗೊತ್ತಿದ್ದದ್ದೇ, ಬಿಡಿ.

ಓಪಿಡಿಯ ಒಂದು ವಿದ್ಯೆ ಮಾತ್ರ ವಾರ್ಡಿನಲ್ಲಿ ನನಗೆ ಬೆಲೆ ತಂದುಕೊಟ್ಟಿತು. ಡಿಸ್‌ಚಾರ್ಜ್ ಹೊತ್ತಿನಲ್ಲಿ ಇಲ್ಲಿ ಎಲ್ಲರಿಗೂ ಅವಸರ, ಚೀಟಿ ಕೈಗಿಟ್ಟು ಕಳಿಸಿಬಿಡುತ್ತಾರೆ. ನಾನು ಇನ್‌ಹೇಲರ್ ಅನ್ನು ರೋಗಿಯ ಕೈಗೇ ಕೊಟ್ಟು, "ಮನೇಲಿ ಹೇಗೆ ತಗೊಳ್ತೀರಿ, ತೋರಿಸಿ ನೋಡೋಣ" ಎನ್ನುತ್ತೇನೆ. ಎಷ್ಟೋ ಜನ ಮುಚ್ಚಳ ತೆಗೆದು, ಅಲುಗಾಡಿಸದೆಯೇ ಬಾಯಿಗಿಡುತ್ತಾರೆ. ಒಳಗೆಳೆದ ಉಸಿರನ್ನು ಹತ್ತು ಸೆಕೆಂಡ್ ಹಿಡಿಯಬೇಕೆಂದು ಅವರಿಗೆ ಯಾರೂ ಹೇಳಿರುವುದಿಲ್ಲ. ಈಗ ಪಕ್ಕದ ಬೆಡ್‌ಗಳ ಸಿಸ್ಟರ್‌ಗಳೂ ಅದಕ್ಕೆ ನನ್ನನ್ನು ಕರೆಯುತ್ತಾರೆ.