ಬಿದ್ರಿ ಹೂಜಿ ಮುಂದ ಕೂತು ಕಲಿತ ಫೋಟೋಗ್ರಫಿ

ಸುಳ್ಳ್ಯಾಕ ಹೇಳ್ಲಿ, ಡಿಎಸ್‌ಎಲ್‌ಆರ್ (ಲೆನ್ಸ್ ಬದಲಿಸೋ ದೊಡ್ಡ ಕ್ಯಾಮೆರಾ) ತಗೊಂಡು ಮೊದಲ ನಾಕು ತಿಂಗಳು ಆಟೋ ಮೋಡ್ ಬಿಟ್ಟು ಆ ಕಡಿ ಈ ಕಡಿ ಡಯಲ್ ತಿರುವೇ ಇಲ್ಲ ನಾನು. ಸೆಕೆಂಡ್ ಹ್ಯಾಂಡ್ ಕೆನಾನ್ 1500ಡಿ, ಜೊತಿಗಿ ಕ್ಯಾಮೆರಾ ಕೂಡ ಬರೋ 18-55 ಎಂಎಂ ಝೂಮ್, ಕಿಟ್ ಲೆನ್ಸ್ ಅಂತಾರ. ಮನ್ಯಾಗ 'ಫೋನಿನ್ಯಾಗ ಇದಕ್ಕಿಂತ ಚಂದ ಬರ್ತಾವಲ್ಲ' ಅಂದ್ರು, ಅವ್ರು ಹೇಳಿದ್ದೂ ಖರೇನೇ ಇತ್ತು.

ಬೀದರದಾಗ ಚೌಬಾರಾ ಹತ್ರ ನಮ್ಮ ದೋಸ್ತ್ ಒಬ್ಬ ಬಿದ್ರಿ ಕೆಲಸ ಮಾಡ್ತಾನ, ವಾಟ್ಸಾಪ್‌ನ್ಯಾಗ ಗಿರಾಕಿಗಳಿಗೆ ಕಳಿಸ್ಲಿಕ್ಕ ನಾಕು ಫೋಟೋ ತಗದು ಕೊಡು ಅಂದ. ಕರ್ರನ ಹೂಜಿ, ಮೈತುಂಬ ಬೆಳ್ಳಿ ತಂತಿ ಬಳ್ಳಿ. ಆಟೋದಾಗ ಒತ್ತಿದೆ, ಟಪ್ ಅಂತ ಫ್ಲ್ಯಾಶ್ ಎದ್ದು ಹೊಟ್ಟಿ ಮ್ಯಾಲ ಬಿಳೇ ಮಚ್ಚಿ ಬಿತ್ತು. ಫ್ಲ್ಯಾಶ್ ಬಂದ್ ಮಾಡಿ ತಗದ್ರ ಹೂಜಿ ಬೂದಿ ಬಣ್ಣ. ಅವ ಸ್ಕ್ರೀನ್ ನೋಡಿ 'ಇದೇನಿದು, ಅಲ್ಯೂಮಿನಿಯಂ ಪಾತ್ರಿ ಕಂಡಂಗ ಕಾಣ್ತದ' ಅಂದ. ಅವ್ನ ಸಿಟ್ಟು ನಂಗ ಅರ್ಥ ಆಯ್ತು, ಯಾಕಂದ್ರ ಸತುವಿಗೆ ಸ್ವಲ್ಪ ತಾಮ್ರ ಕೂಡಿಸಿ ಎರಕ ಹೊಯ್ದು, ಕೆತ್ತಿ, ಬೆಳ್ಳಿ ಬಡಿದು ಕೂಡಿಸಿ, ಕಡಿಗಿ ಕೋಟ್ಯಾಗಿನ ಹಳೇ ಮಣ್ಣಿಗೆ ನವಸಾಗರ ಹಾಕಿ ಕುದಿಸಿ ಕಪ್ಪು ಬರಿಸ್ತಾರ, ಬೆಳ್ಳಿ ಮಾತ್ರ ಬೆಳ್ಳಗೇ ಉಳೀತದ. ಅಷ್ಟು ಪಡಿಪಾಟಲು ಪಟ್ಟು ತಂದ ಕಪ್ಪನ್ನ ನನ್ನ ಕ್ಯಾಮೆರಾ ಒಂದು ಕ್ಲಿಕ್‌ನ್ಯಾಗ ತೊಳದು ಹಾಕಿತ್ತು.

ರಾತ್ರಿ ಓದಿ ನೋಡಿದ ಮ್ಯಾಲ ತಿಳೀತು. ಕ್ಯಾಮೆರಾದೊಳಗಿನ ಮೀಟರಿಗೆ ಎದುರಿಗಿರೋದು ಹೂಜಿನೋ ಹಾಲೋ ಗೊತ್ತಾಗಂಗಿಲ್ಲ, ಎಲ್ಲಾನೂ ನಡುಮಟ್ಟದ ಬೂದಿ ಅಂತ ತಿಳ್ಕೊಂಡೇ ಅಳೀತದ, ಹಿಂಗಾಗಿ ಕರಿ ವಸ್ತು ಇಟ್ರ 'ಬೆಳಕು ಕಮ್ಮಿ ಅದ' ಅಂತ ಹೆಚ್ಚಿಗಿ ಬೆಳಕು ತಗೊಂಡು ಬೂದಿ ಮಾಡಿಬಿಡ್ತದ. ಔಷಧ ಏನಂದ್ರ ಎಕ್ಸ್‌ಪೋಷರ್ ಕಾಂಪೆನ್ಸೇಷನ್, ಅಂದ್ರ ಮೀಟರ್ ಹೇಳಿದ್ದಕ್ಕಿಂತ ಬೆಳಕು ನಾವೇ ಕಮ್ಮಿ (ಮೈನಸ್) ಇಲ್ಲಾ ಹೆಚ್ಚು (ಪ್ಲಸ್) ಮಾಡೋದು. ಮರುದಿನ ಎವಿ ಮೋಡಿಗೆ (ಲೆನ್ಸಿನ ಕಿಂಡಿ ಎಷ್ಟು ತೆರೀಬೇಕು ಅಂತ ನಾವು ಹೇಳೋದು, ಶಟರ್ ಕ್ಯಾಮೆರಾ ನೋಡ್ಕೋತದ) ಹಾಕಿ, ಕಿಂಡಿ ಎಫ್/8 ಇಟ್ಟು, ಎವಿ ಬಟನ್ ಒತ್ತಿ ಹಿಡ್ದು ಡಯಲ್ ತಿರುವಿ ಮೈನಸ್ 1 ಮಾಡಿದೆ. ಹೂಜಿ ಕರ್ರಗಾಯ್ತು! ಮೈನಸ್ 2ಕ್ಕ ಹೋದ್ರ ಬೆಳ್ಳೀನೂ ಮಂಕಾಯ್ತು, ಮತ್ತ ವಾಪಸ್ ಬಂದೆ.

ಆದ್ರ ಇನ್ನೊಂದು ತ್ರಾಸ. ಎಣ್ಣಿ ಹಚ್ಚಿ ತಿಕ್ಕಿದ ಹೂಜಿ ಕನ್ನಡಿ ಇದ್ದಂಗ, ಝೂಮ್ ಮಾಡಿ ನೋಡಿದ್ರ ನಟ್ಟನಡುವ ನನ್ನ ಕೆಂಪು ಅಂಗಿ ಕಾಣ್ಲಿಕತ್ತಿತ್ತು. ಕರಿ ಟೀಶರ್ಟ್ ಹಾಕ್ಕೊಂಡು ಬಂದು, ಬಾಗಿಲಿಗೆ ಅವರಪ್ಪನ ಬಿಳೇ ಧೋತರ ಕಟ್ಟಿ, ಅದರೊಳಗಿಂದ ಸೋಸಿ ಬರೋ ಬೆಳಕಿನ್ಯಾಗ ಇಟ್ಟೆ, ಆಗ ಬಳ್ಳಿಯ ಒಂದೊಂದು ಎಲಿ ಎದ್ದು ಕಾಣ್ತು. ಬೆಳಕು ಮೆತ್ತಗ ಮಾಡೋ ಡಬ್ಬಿಗಿ ಸಾಫ್ಟ್‌ಬಾಕ್ಸ್ ಅಂತ ಸಾವಿರಾರು ರೂಪಾಯಿ ಕೇಳ್ತಾರಲ್ಲ, ಮೊದಲ ಒಂದು ಧೋತರ ಕಟ್ಟಿ ನೋಡ್ರಿ.

ನಾನಕ್ ಝೀರಾದಾಗ ಇದರ ಉಲ್ಟಾ. ಬಿಳೇ ಗುರುದ್ವಾರ ಮೋಡ ಬಡಿದಂಗ ಬಂದಿತ್ತು, ಪ್ಲಸ್ 1 ಮಾಡಿದ ಮ್ಯಾಲ ಸರಿ ಆಯ್ತು.

ಬೀದರ ಹತ್ರದ ಅಷ್ಟೂರಿನ್ಯಾಗ ಮಾತ್ರ ಸೋತೆ. ಬಹಮನಿ ಸುಲ್ತಾನ ಅಹ್ಮದ್ ಶಾ ವಲಿ ಗೋರಿಯೊಳಗ ಗುಮ್ಮಟದ ತುಂಬ ಬಣ್ಣದ ಚಿತ್ತಾರ, ಆದ್ರ ಕತ್ತಲಿ. ಕಿಟ್ ಲೆನ್ಸಿನ ಕಿಂಡಿ 18ರಾಗ ಎಫ್/3.5 ತನಕ ತೆರೀತದ, ಝೂಮ್ ಮಾಡ್ಕೋತ ಹೋದಂಗ 5.6ಕ್ಕ ಇಳಿದು ಬೆಳಕು ಕಮ್ಮಿ ಆಗ್ತದ, ಹಿಂಗಾಗಿ ಝೂಮ್ ಮುಟ್ಲಿಲ್ಲ, ಐಎಸ್‌ಒ (ಬೆಳಕು ಹಿಡಿಯೋ ಚುರುಕು) 3200, ಶಟರ್ ಸೆಕೆಂಡಿನ 1/15, ಅಷ್ಟೊತ್ತು ತೆರದಿದ್ರ ಕೈ ನಡುಗಿದ್ದೂ ಫೋಟೋದಾಗ ಬರ್ತದ. ಅಲ್ಲಿ ಸ್ಕ್ರೀನಿನ್ಯಾಗ ಭಾರಿ ಕಂಡು ಖುಷಿಯಾಗಿ ಮನಿಗಿ ಬಂದು ಲ್ಯಾಪ್‌ಟಾಪ್‌ನ್ಯಾಗ ನೋಡ್ತೀನಿ, ನಲವತ್ತರಾಗ ಮೂವತ್ತೆಂಟು ಅಲುಗಾಡಿದ್ವು. ಎರಡನೇ ಸಲ ಹೋದಾಗ ಗ್ವಾಡಿಗಿ ಬೆನ್ನು ಹಚ್ಚಿ, ಉಸಿರು ಬಿಗಿಹಿಡ್ದು, ಒಂದೊಂದನ್ನೂ ನಾಕ್ನಾಕು ತಗದೆ, ಆರೇಳು ಬಚಾವಾದ್ವು. ಹೊರಗ ಸಿಡಿಲು ಬಡಿದು ಸೀಳಿದ ಹುಮಾಯೂನನ (ಮೊಘಲ್ ಅಲ್ಲ, ಬಹಮನಿ ಸುಲ್ತಾನ) ಗೋರಿ ಅದಲ್ಲ, ಅದನ್ನ ಸಂಜಿಮುಂದ ಆಕಾಶಕ್ಕ ಮೀಟರ್ ಮಾಡಿ ತಗದ್ರ ಅರ್ಧ ಒಡದ ಗುಮ್ಮಟ ಬರೀ ನೆರಳಾಗಿ ಬರ್ತದ. ಅದೊಂದು ಫೋಟೋ ಈಗೂ ನನ್ನ ಡಿಪಿ.

ದೋಸ್ತಿಗೆ ಹೂಜಿ ಫೋಟೋ ತೋರಿಸಿದೆ. ಎರಡು ಬಳ್ಳು ಹಚ್ಚಿ ಹಿಗ್ಗಿಸಿ, ಬಾಳೊತ್ತು ನೋಡ್ದ. ಒಂದು ಕಡಿ ತಂತಿ ಜರಾ ಮ್ಯಾಲೆದ್ದಿತ್ತಂತ, ಅದು ಅವ್ನಿಗೆ ಫೋಟೋದಾಗೇ ಕಾಣ್ತು. ಆಮ್ಯಾಲ ಚಾ ತರಿಸಿದ, ಒಳಗ ಹೋಗಿ ಇನ್ನೂ ಹನ್ನೊಂದು ಸಾಮಾನು ತಂದು ನನ್ನ ಮುಂದಿಟ್ಟ.