ಹುರುಳಿ, ಹೆಸರು, ದರಕು: ನೈಸರ್ಗಿಕ ಆಯ್ಕೆಯನ್ನು ಅಂಗಳದಲ್ಲೇ ಕಲಿಸುವ ಬಗೆ

ಜೀವವಿಕಾಸವನ್ನು ಮಕ್ಕಳಿಗೆ ಕಲಿಸಲು ಹೊರಟಾಗ ಮೊದಲ ತೊಡಕು ನಮ್ಮ ಮಾತಿನಲ್ಲೇ ಎದುರಾಗುತ್ತದೆ. ಪ್ರಾಣಿಗಳು ಪರಿಸರಕ್ಕೆ ‘ಹೊಂದಿಕೊಂಡವು’ ಎನ್ನುತ್ತೇವೆ. ಹೊಸ ಊರಿಗೆ ವರ್ಗವಾಗಿ ಬಂದ ಮೇಷ್ಟ್ರು ಹೊಂದಿಕೊಂಡರು ಎಂಬಂತೆ ಕೇಳಿಸುವ ಈ ಮಾತಿನಿಂದ, ಒಂದೊಂದು ಪ್ರಾಣಿಯೂ ಬೇಕೆಂದು ಪ್ರಯತ್ನಪಟ್ಟು ತನ್ನನ್ನು ಬದಲಿಸಿಕೊಂಡಿತು ಎಂಬ ತಪ್ಪು ತಿಳಿವಳಿಕೆ ಮಕ್ಕಳಲ್ಲಿ ಬೇರೂರುತ್ತದೆ. ವಾಸ್ತವದಲ್ಲಿ ಬದಲಾಗುವುದು, ಒಂದು ಗುಂಪಿನಲ್ಲಿ ಯಾವ ಗುಣದ ಜೀವಿಗಳು ಎಷ್ಟಿವೆ ಎಂಬ ಲೆಕ್ಕ. ಅದೂ ತಲೆಮಾರಿನಿಂದ ತಲೆಮಾರಿಗೆ. ಇದನ್ನು ಬಾಯಿಮಾತಿನಲ್ಲಿ ಎಷ್ಟು ಹೇಳಿದರೂ ಮನಸ್ಸಿಗೆ ಹತ್ತುವುದು ಕಷ್ಟ. ಆದ್ದರಿಂದ ಒಂದು ಸಂಜೆ ಅಂಗಳದಲ್ಲಿ ಆಡಿಸಿ ತೋರಿಸಿ.

ಒಂದೊಂದು ಪಾವು ಹುರುಳಿ ಮತ್ತು ಹೆಸರುಕಾಳು, ಒಂದು ಚಿಟಿಕೆ ಉದ್ದು, ಒಂದು ಬುಟ್ಟಿ ದರಕು (ಉದುರಿದ ಒಣ ಎಲೆ) ಇದ್ದರೆ ಸಾಕು. ದರಕನ್ನು ಮನೆಯ ಹಲಸು, ಮಾವಿನ ಮರದ ಬುಡದಿಂದಲೇ ಗುಡಿಸಿಕೊಳ್ಳಿ. ಕಾಡಿನಿಂದ ಖಂಡಿತ ತರಬೇಡಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಮಂಗನ ಕಾಯಿಲೆಯನ್ನು ಹರಡುವ ಉಣುಗುಗಳು ಬೇಸಿಗೆಯುದ್ದಕ್ಕೂ ಅಂಥ ಎಲೆಗಳ ನಡುವೆಯೇ ಇರುತ್ತವೆ. ಕೋಳಿಗಳನ್ನು ಮೊದಲೇ ಗೂಡಿಗೆ ಸೇರಿಸಿ, ಇಲ್ಲವಾದರೆ ಲೆಕ್ಕ ತಪ್ಪುತ್ತದೆ.

ದರಕನ್ನು ಎರಡು ಮಾರು ಉದ್ದಗಲಕ್ಕೆ ತೆಳುವಾಗಿ ಹರಡಿ, ಅದರ ಮೇಲೆ 50 ಹುರುಳಿ ಮತ್ತು 50 ಹೆಸರುಕಾಳನ್ನು ಎಣಿಸಿ ಚೆಲ್ಲಿ. ನಾಲ್ಕು ಮಕ್ಕಳು ಹಕ್ಕಿಗಳಾಗಲಿ: ಎರಡೇ ಬೆರಳು, ಒಂದು ಸಲಕ್ಕೆ ಒಂದೇ ಕಾಳು, ಎಲೆ ಕೆದಕುವಂತಿಲ್ಲ. ಎಲ್ಲರೂ ಸೇರಿ 50 ಕಾಳು ಹೆಕ್ಕಿದ ಕೂಡಲೇ ನಿಲ್ಲಿಸಿ. ಹೆಕ್ಕಿದ್ದರಲ್ಲಿ 35 ಹೆಸರು, 15 ಹುರುಳಿ ಇವೆ ಎಂದುಕೊಳ್ಳೋಣ. ಹಾಗಾದರೆ ನೆಲದಲ್ಲಿ ಉಳಿದದ್ದು 15 ಹೆಸರು, 35 ಹುರುಳಿ. ಉಳಿದ ಪ್ರತಿಯೊಂದಕ್ಕೂ ಒಂದು ಮರಿ ಹುಟ್ಟಿತೆಂದು ಅದೇ ಬಗೆಯ ಒಂದೊಂದು ಕಾಳನ್ನು ಸೇರಿಸಿದರೆ, ಎರಡನೆಯ ತಲೆಮಾರಿನಲ್ಲಿ 30 ಹೆಸರು, 70 ಹುರುಳಿ ಆಗುತ್ತವೆ. ಇನ್ನೆರಡು ಸುತ್ತು ಮುಗಿಯುವಷ್ಟರಲ್ಲಿ ಹೆಸರುಕಾಳು ಅಪರೂಪವಾಗಿರುತ್ತದೆ. ಆಗ ಒಂದೇ ಪ್ರಶ್ನೆ ಕೇಳಿ: ಒಂದಾದರೂ ಹೆಸರುಕಾಳು ಹುರುಳಿಯಾಗಿ ಬದಲಾಯಿತೇ? ಉತ್ತರ ಮಕ್ಕಳ ಬಾಯಿಂದಲೇ ಬರಲಿ, ಅವಸರ ಬೇಡ.

ಜೀವಿಗಳಲ್ಲಿ ವ್ಯತ್ಯಾಸವಿರಬೇಕು, ಆ ವ್ಯತ್ಯಾಸ ಮರಿಗಳಿಗೆ ಇಳಿಯಬೇಕು, ಅದರಿಂದ ಉಳಿವಿನಲ್ಲಿ ಹೆಚ್ಚುಕಡಿಮೆಯಾಗಬೇಕು. ಆಗ ನಡೆಯುವುದೇ ನೈಸರ್ಗಿಕ ಆಯ್ಕೆ. 1858ರಲ್ಲಿ ಚಾರ್ಲ್ಸ್ ಡಾರ್ವಿನ್ ಮತ್ತು ಆಲ್ಫ್ರೆಡ್ ರಸೆಲ್ ವ್ಯಾಲೇಸ್ ಅವರ ಬರಹಗಳು ಲಂಡನ್ನಿನ ಲಿನಿಯನ್ ಸೊಸೈಟಿಯಲ್ಲಿ ಒಟ್ಟಿಗೆ ಮಂಡನೆಯಾದಾಗ ಅವುಗಳ ತಿರುಳು ಇದೇ ಆಗಿತ್ತು. ಹೊಸ ವ್ಯತ್ಯಾಸ ಎಲ್ಲಿಂದ ಬರುತ್ತದೆ ಎಂದು ಯಾರಾದರೂ ಕೇಳಿದರೆ, ನಡುವಿನ ಒಂದು ಸುತ್ತಿನಲ್ಲಿ ಎರಡೇ ಎರಡು ಉದ್ದಿನಕಾಳನ್ನು ಸೇರಿಸಿ. ವಂಶವಾಹಿಯಲ್ಲಿ ಆಗುವ ಬದಲಾವಣೆ ಹೀಗೆಯೇ, ಬೇಕೋ ಬೇಡವೋ ಎಂದು ಕೇಳದೆ ಬರುತ್ತದೆ. ಉಪಯೋಗಕ್ಕೆ ಬಂದರೆ ಹರಡುತ್ತದೆ, ಬಾರದಿದ್ದರೆ ಅಳಿಯಲೂಬಹುದು. ಕೊನೆಗೆ ಇದೇ ಆಟವನ್ನು ಹಸಿರು ಹುಲ್ಲಿನ ಮೇಲೆ ಆಡಿಸಿ. ಅಲ್ಲಿ ಹೆಸರುಕಾಳಿಗೆ ಕಾಲ ಬರುತ್ತದೆ. ‘ಬಲಿಷ್ಠವಾದದ್ದೇ ಉಳಿಯುತ್ತದೆ’ ಎಂಬ ಮಾತನ್ನು ತಿದ್ದಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಂಡಿಲ್ಲ.

ಆಟವೇ ಪುರಾವೆಯಲ್ಲ ಎಂಬುದನ್ನೂ ಹೇಳಬೇಕು. ಪೆಸಿಫಿಕ್ ಸಾಗರದ ಗಲಾಪಗೋಸ್‌ನ ಡ್ಯಾಫ್ನಿ ಮೇಜರ್ ದ್ವೀಪದಲ್ಲಿ ಜೀವವಿಜ್ಞಾನಿಗಳಾದ ಪೀಟರ್ ಮತ್ತು ರೋಸ್‌ಮೇರಿ ಗ್ರಾಂಟ್ ದಂಪತಿ ಫಿಂಚ್ ಹಕ್ಕಿಗಳ ಕೊಕ್ಕನ್ನು ವರ್ಷವರ್ಷವೂ ಅಳೆದರು. 1977ರ ಬರಗಾಲದಲ್ಲಿ ಸಣ್ಣ ಬೀಜಗಳು ಮುಗಿದು, ನಮ್ಮ ನೆಗ್ಗಿನಮುಳ್ಳಿನ ಕುಲಕ್ಕೇ ಸೇರಿದ ಗಿಡದ ಗಟ್ಟಿ ಕಾಯಿಗಳು ಉಳಿದವು. ಅವನ್ನು ಒಡೆಯಬಲ್ಲ ದಪ್ಪ ಕೊಕ್ಕಿನವು ಹೆಚ್ಚಾಗಿ ಬದುಕಿದವು, ಮುಂದಿನ ತಲೆಮಾರಿನ ಸರಾಸರಿ ಕೊಕ್ಕು ದಪ್ಪವಾಯಿತು. ಗದ್ದೆಯಿದ್ದವರಿಗೆ ಇನ್ನೂ ಹತ್ತಿರದ ಉದಾಹರಣೆ ಕಂದು ಜಿಗಿಹುಳುವಿನದು: ಅದನ್ನು ತಡೆಯಲೆಂದು 1973ರಲ್ಲಿ ಬಿಡುಗಡೆಯಾದ ಐಆರ್ 26 ಭತ್ತದ ತಳಿಯ ರಸ ಹೀರಿ ಬದುಕಬಲ್ಲ ಹುಳುಗಳೇ ಕೆಲವು ವರ್ಷಗಳಲ್ಲಿ ಹೆಚ್ಚಿಕೊಂಡವು.

ಶಿಲೆಗಳ ಸಾಕ್ಷ್ಯವೂ ನಮ್ಮ ಶಿವಮೊಗ್ಗ ಜಿಲ್ಲೆಯಿಂದಲೇ ಆರಂಭವಾಗಲಿ. ಕುಂಸಿಯ ಆಸುಪಾಸಿನಲ್ಲಿ, 250 ಕೋಟಿ ವರ್ಷಕ್ಕೂ ಹಿಂದೆ ಸೂಕ್ಷ್ಮಜೀವಿಗಳು ಪದರಪದರವಾಗಿ ಕಟ್ಟಿದ ಸ್ಟ್ರೊಮ್ಯಾಟೊಲೈಟ್‌ಗಳು ದೊರೆತಿವೆ. ಅಷ್ಟು ಹಳೆಯ ಕಲ್ಲಿನಲ್ಲಿ ಒಂದು ಮೀನಿನ ಮುಳ್ಳೂ ಜಗತ್ತಿನ ಎಲ್ಲಿಯೂ ಸಿಕ್ಕಿಲ್ಲ.

‘ಹಾಗಾದರೆ ಮಂಗನಿಂದಲೇ ಮನುಷ್ಯ ಬಂದನೇ?’ ಎಂಬ ಪ್ರಶ್ನೆ ಬಂದೇ ಬರುತ್ತದೆ. ತೋಟಕ್ಕೆ ಬರುವ ಮಂಗ, ಮುಸಿಯ, ಶರಾವತಿ ಕಣಿವೆಯ ಸಿಂಗಳೀಕ ಇವು ಯಾವುವೂ ನಮ್ಮ ಅಜ್ಜಂದಿರಲ್ಲ. ಬಹಳ ಹಿಂದೆ ಒಂದೇ ಮೂಲದಿಂದ ಕವಲೊಡೆದ ದಾಯಾದಿಗಳು ಎಂದು ಹೇಳಿ.

ಕಡೆಯದಾಗಿ ದೇಹರಚನೆ. ಅಡಿಕೆ ಮರದಿಂದ ಮರಕ್ಕೆ ತೇಲುವ ಹಾರುವ ಓತಿಯ ರೆಕ್ಕೆಯನ್ನು ಹಿಡಿದಿರುವುದು ಉದ್ದವಾಗಿ ಚಾಚಿದ ಪಕ್ಕೆಲುಬುಗಳು, ಹಾರುಬೆಕ್ಕಿಗೆ (ಹಾರುವ ಅಳಿಲಿಗೆ) ಮುಂಗಾಲು ಹಿಂಗಾಲುಗಳ ನಡುವಿನ ತೊಗಲೇ ರೆಕ್ಕೆ, ಬಾವಲಿಗೆ ಕೈಬೆರಳು. ಒಂದೇ ಕಾಡಿನ ಮೂರು ಪ್ರಾಣಿಗಳು ಮೂರು ದಾರಿಯಲ್ಲಿ ಗಾಳಿಗಿಳಿದಿರುವುದು, ಪ್ರತಿಯೊಂದೂ ತನ್ನ ಪೂರ್ವಜರಿಂದ ಬಂದ ದೇಹದಲ್ಲಿ ಇದ್ದುದರಿಂದಲೇ ರೂಪುಗೊಂಡಿತು ಎಂದರೆ ಮಾತ್ರ ಅರ್ಥವಾಗುತ್ತದೆ. ಜೀವಂತ ಬಾವಲಿಯನ್ನು ಮುಟ್ಟಬಾರದು. ಅದರ ಅಸ್ಥಿಪಂಜರದ ಚಿತ್ರ ಸಾಕು. ಹೆಬ್ಬೆರಳು ಕೊಕ್ಕೆಯಾಗಿ ಹೊರಗೆ ಉಳಿದಿರುತ್ತದೆ, ಮಿಕ್ಕ ನಾಲ್ಕು ಬೆರಳುಗಳು ಕೊಡೆಯ ಕಡ್ಡಿಗಳಂತೆ ನೀಳವಾಗಿ ತೊಗಲನ್ನು ಹಿಡಿದಿರುತ್ತವೆ. ಮಕ್ಕಳು ತಮ್ಮ ಕೈಯನ್ನು ಚಿತ್ರದ ಪಕ್ಕದಲ್ಲಿಟ್ಟು, ಮಣಿಕಟ್ಟಿನಿಂದ ಬೆರಳ ತುದಿಯವರೆಗೆ ಒಂದೊಂದೇ ಮೂಳೆಯನ್ನು ಹೋಲಿಸಿ ನೋಡಲಿ. ಇದಕ್ಕೆ ಅರ್ಧ ಗಂಟೆಯನ್ನಾದರೂ ಮೀಸಲಿಡಿ.