ಶುಗರ್ ಇದ್ದರೆ ಕಣ್ಣಿನ ಯಾವ ಪರೀಕ್ಷೆ, ಯಾವಾಗ ಮಾಡಿಸಬೇಕು?

ಪೇಪರ್ ಓದಲಿಕ್ಕಾಗುತ್ತಿದೆ, ಟಿವಿ ಕಾಣುತ್ತಿದೆ, ಹಾಗಾಗಿ ಕಣ್ಣು ಸರಿಯಾಗಿದೆ ಅಂತ ಶುಗರ್ ಇರುವವರು ಸುಮ್ನೆ ಇದ್ದುಬಿಡುತ್ತಾರೆ. ಶುಗರ್‌ನಿಂದ ಕಣ್ಣಿನ ರೆಟಿನಾ ಹಾಳಾಗುವ ಕಾಯಿಲೆ, ಅಂದರೆ ಡಯಾಬಿಟಿಕ್ ರೆಟಿನೋಪತಿ, ಶುರುವಿನಲ್ಲಿ ನೋಯುವುದಿಲ್ಲ, ಕಣ್ಣು ಕೆಂಪಾಗುವುದಿಲ್ಲ, ನೋಟವೂ ಮಂಜಾಗುವುದಿಲ್ಲ. ಕಣ್ಣಿನ ಹಿಂಭಾಗದ ರೆಟಿನಾದಲ್ಲಿ ತೀರಾ ಸಣ್ಣ ರಕ್ತನಾಳಗಳಿವೆ. ವರ್ಷಗಟ್ಟಲೆ ಸಕ್ಕರೆ ಜಾಸ್ತಿ ಇದ್ದರೆ ಅವು ಅಲ್ಲಲ್ಲಿ ಉಬ್ಬಿ, ರಕ್ತ ಮತ್ತು ನೀರು ಜಿನುಗತೊಡಗುತ್ತದೆ. ಆ ನೀರು ನಟ್ಟನಡುವಿನ ಮ್ಯಾಕ್ಯುಲಾದಲ್ಲಿ ತುಂಬಿದಾಗಲೇ ಅಕ್ಷರ ಕಲಸಿದ ಹಾಗೆ, ಬಾಗಿಲ ಚೌಕಟ್ಟು ಸೊಟ್ಟಗೆ ಕಾಣುವುದು.

ಯಾರಿಗೆ ಅಪಾಯ ಹೆಚ್ಚು? ಶುಗರ್ ಬಂದು ಎಷ್ಟು ವರ್ಷವಾಯಿತು ಅನ್ನುವುದು ಮೊದಲ ಲೆಕ್ಕ. ಜೊತೆಗೆ ಬಿಪಿ, ಕೊಲೆಸ್ಟ್ರಾಲ್, ಕಿಡ್ನಿ ತೊಂದರೆ, ಸಿಗರೇಟು ಸೇರಿದರೆ ಇನ್ನೂ ಜಾಸ್ತಿ. ಬೆಳಗಿನ ಫಾಸ್ಟಿಂಗ್ ಒಂದನ್ನೇ ನೋಡಿ ಖುಷಿಪಡಬೇಡಿ, ರಕ್ತಪರೀಕ್ಷೆಯಲ್ಲಿ ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ಎಚ್‌ಬಿಎ1ಸಿ ನೋಡಿ. ಹೆಚ್ಚಿನವರಿಗೆ ಶೇ. 7ಕ್ಕಿಂತ ಕೆಳಗೆ ಇಡಲು ಹೇಳುತ್ತಾರೆ, ನಿಮಗೆಷ್ಟು ಅಂತ ನಿಮ್ಮ ಡಾಕ್ಟರನ್ನೇ ಕೇಳಿ.

ಟೈಪ್ 2 (ಹೆಚ್ಚಾಗಿ ದೊಡ್ಡವರಾದ ಮೇಲೆ ಬರುವ ಶುಗರ್) ಆದರೆ ಶುಗರ್ ಇದೆ ಅಂತ ಗೊತ್ತಾದ ಕೂಡಲೇ ರೆಟಿನಾ ತೋರಿಸಿ, ಯಾಕೆಂದರೆ ಶುಗರ್ ಗೊತ್ತಾಗುವ ಎಷ್ಟೋ ಮೊದಲೇ ಶುರುವಾಗಿರಬಹುದು. ಟೈಪ್ 1 (ಹೆಚ್ಚಾಗಿ ಚಿಕ್ಕ ವಯಸ್ಸಿನಲ್ಲೇ ಬಂದು ಇನ್ಸುಲಿನ್ ಬೇಕೇ ಬೇಕಾಗುವ ಶುಗರ್) ಆದರೆ ಶುಗರ್ ಬಂದ 5 ವರ್ಷದೊಳಗೆ. ಆಮೇಲೆ ಸಾಮಾನ್ಯವಾಗಿ ವರ್ಷಕ್ಕೊಮ್ಮೆ. ಮೊದಲೇ ಶುಗರ್ ಇದ್ದವರು ಬಸುರಿಯಾದರೆ ಮೊದಲ ಮೂರು ತಿಂಗಳಲ್ಲೇ ತೋರಿಸಬೇಕು.

ಕನ್ನಡಕದ ಅಂಗಡಿಯಲ್ಲಿ ಅಕ್ಷರ ಓದಿಸಿ ನಂಬರ್ ಕೊಡುತ್ತಾರಲ್ಲ, ಅದು ಈ ಪರೀಕ್ಷೆ ಅಲ್ವೇ ಅಲ್ಲ. ಕಣ್ಣಿನ ಆಸ್ಪತ್ರೆಗೆ ಹೋಗಿ "ಶುಗರ್ ಇದೆ, ರೆಟಿನಾ ನೋಡಿ" ಅಂತ ಬಾಯಿಬಿಟ್ಟು ಹೇಳಿ. ಬೆಂಗಳೂರಿನವರಿಗೆ ಸರ್ಕಾರಿ ಮಿಂಟೋ ಆಸ್ಪತ್ರೆ ಇದೆ. ಡ್ರಾಪ್ಸ್ ಹಾಕಿ ಅರ್ಧ ಗಂಟೆ ಕೂರಿಸುತ್ತಾರೆ, ಪಾಪೆ ಅಗಲವಾದ ಮೇಲೆ ದೀಪ ಹಿಡಿದು ಒಳಗೆ ನೋಡುತ್ತಾರೆ. ಆಮೇಲೆ ಕೆಲವು ಗಂಟೆ ಮೊಬೈಲ್ ಓದಲಾಗದು, ಬಿಸಿಲು ಚುಚ್ಚುತ್ತದೆ. ಗಾಡಿ ಓಡಿಸಬೇಡಿ, ಯಾರನ್ನಾದರೂ ಜೊತೆಗೆ ಕರೆದುಕೊಂಡು ಹೋಗಿ.

ಇನ್ನೊಂದು ವಿಷಯ. ಸಕ್ಕರೆ ಏರಿಳಿದರೆ ಕನ್ನಡಕದ ನಂಬರೂ ಏರಿಳಿಯುತ್ತದೆ. ಶುಗರ್ ಹತೋಟಿಗೆ ಬಂದು ಕೆಲವು ವಾರ ಕಳೆಯುವ ತನಕ ಹೊಸ ಕನ್ನಡಕಕ್ಕೆ ದುಡ್ಡು ಸುರಿಯಬೇಡಿ.

ಕಣ್ಣೆದುರು ಇದ್ದಕ್ಕಿದ್ದಂತೆ ಕಪ್ಪು ಚುಕ್ಕೆಗಳು ತೇಲಿದರೆ, ಮಿಂಚು ಹೊಡೆದಂತಾದರೆ, ಪರದೆ ಇಳಿದಂತಾದರೆ ಅದೇ ದಿನ ಹೋಗಿ. ಚಿಕಿತ್ಸೆಗೆ ಲೇಸರ್ ಇದೆ, ಕಣ್ಣಿಗೇ ಕೊಡುವ ಇಂಜೆಕ್ಷನ್ ಇದೆ. ಮರಗಟ್ಟಿಸಿಯೇ ಕೊಡುತ್ತಾರೆ, ಹೆದರಬೇಡಿ. ಆದರೆ ಸಾಮಾನ್ಯವಾಗಿ ಒಂದೇ ಇಂಜೆಕ್ಷನ್ನಿಗೆ ಮುಗಿಯುವುದಿಲ್ಲ, ಎಷ್ಟು ಬೇಕಾಗಬಹುದು, ಖರ್ಚೆಷ್ಟು ಅಂತ ಶುರುವಿನಲ್ಲೇ ಕೇಳಿಕೊಳ್ಳಿ.